ಶ್ವಾಸನಾಳದ ಸುತ್ತ ಒಂದು ಉಂಗುರ

ಮಕ್ಕಳ ಆಸ್ಪತ್ರೆಯ ಎಕ್ಸ್‌ರೇ ವಿಭಾಗಕ್ಕೆ ಹೊಸದಾಗಿ ಸೇರುವ ಡಾಕ್ಟರುಗಳು ಚಿತ್ರ ನೋಡಲು ಸಿದ್ಧರಾಗಿ ಬರುತ್ತಾರೆ. ನಾನೂ ಹಾಗೆಯೇ ಬಂದಿದ್ದೆ. ಆದರೆ ನನ್ನನ್ನು ಮೊದಲು ಹೆದರಿಸಿದ್ದು ಚಿತ್ರವಲ್ಲ, ಸದ್ದು. ಕೆಲವು ಕೂಸುಗಳು ಉಸಿರು ಒಳಗೆ ಎಳೆದುಕೊಳ್ಳುವಾಗ ಗಂಟಲ ಕೆಳಗೆಲ್ಲೋ ತಗಡು ಗೀರಿದ ಹಾಗೆ ಕೇಳುತ್ತದೆ. ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಮನೆಗೆ ಹೋಗಿ ಮಲಗಿದ ಮೇಲೂ ಅದು ಕಿವಿಯಲ್ಲಿ ಇರುತ್ತದೆ.

ನಾವು ಅಜ್ಜನ ಕಾಲದಿಂದ ಚೆನ್ನೈನ ತಿರುವಲ್ಲಿಕೇಣಿಯಲ್ಲಿ ನೆಲೆಸಿದ ಮಾಧ್ವರು. ಅಪ್ಪ ರೈಲ್ವೆಯಲ್ಲಿದ್ದರು. ಮನೆಯಲ್ಲಿ ಆಡುವುದು ಕನ್ನಡ, ಆದರೆ ಅರ್ಧಕ್ಕರ್ಧ ತಮಿಳು ಬೆರೆತ ಕನ್ನಡ. ದೊಡ್ಡವರ ಆಸ್ಪತ್ರೆಯಲ್ಲಿ ಕೆಲವು ವರ್ಷ ಕೆಲಸ ಮಾಡಿ, ತೊಂಬತ್ತರ ದಶಕದ ನಡುವೆ ಎಗ್ಮೋರ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ಒಂದು ಮಕ್ಕಳ ಆಸ್ಪತ್ರೆಗೆ ರೇಡಿಯಾಲಜಿಸ್ಟ್ ಆಗಿ ಸೇರಿದೆ. ಅಲ್ಲಿಯೇ ನಿವೃತ್ತಳಾದೆ. ನಡುವೆ ಯಾವ ಹುದ್ದೆ ಯಾವಾಗ ಸಿಕ್ಕಿತು ಎಂಬುದನ್ನು ಬಿಟ್ಟುಬಿಡುತ್ತೇನೆ. ಈಗ ಕಣ್ಣು ಮುಚ್ಚಿದರೆ ನೆನಪಿಗೆ ಬರುವುದು ಹುದ್ದೆಗಳಲ್ಲ.

ನಮ್ಮ ಮುಖ್ಯಸ್ಥರು ಡಾ. ವೈದ್ಯಲಿಂಗಂ. ಸಣಕಲು ದೇಹ, ದೊಡ್ಡ ಧ್ವನಿ. ಅವರು ಬೈದರೆ ಹೊರಗೆ ಬೆಂಚಿನ ಮೇಲೆ ಕೂತ ತಾಯಂದಿರು ಎದ್ದು ನಿಲ್ಲುತ್ತಿದ್ದರು. ಆದರೆ ಮಗುವನ್ನು ಒಳಗೆ ತಂದ ತಕ್ಷಣ ಅವರ ಬಾಯಿ ಮುಚ್ಚುತ್ತಿತ್ತು. ಬಾಗಿ ಮಗುವಿನ ಬಾಯಿಯ ಹತ್ತಿರ ಕಿವಿ ಇಟ್ಟು ಸ್ವಲ್ಪ ಹೊತ್ತು ಹಾಗೆಯೇ ಇರುತ್ತಿದ್ದರು. "ಮೊದಲು ಕೇಳು, ಆಮೇಲೆ ನೋಡು, ಸುಧಾ," ಎನ್ನುತ್ತಿದ್ದರು. "ಸದ್ದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾದರೆ ಎಲ್ಲಿ ನೋಡಬೇಕು ಅಂತಲೂ ಗೊತ್ತಾಗುತ್ತೆ."

ಅವರು ಹುಡುಕುತ್ತಿದ್ದದ್ದು ಹೆಚ್ಚಿನವರು ಮರೆತೇಬಿಡುವ ಒಂದು ಕಾಯಿಲೆಯನ್ನು. ತಾಯಿಯ ಗರ್ಭದಲ್ಲಿರುವಾಗ ಹೃದಯದಿಂದ ಹೊರಡುವ ಮಹಾಪಧಮನಿಗೆ ಬಲಕ್ಕೊಂದು ಎಡಕ್ಕೊಂದು ಕಮಾನು ಇರುತ್ತದೆ. ಹುಟ್ಟುವ ಹೊತ್ತಿಗೆ ಒಂದು ಕರಗಿ ಒಂದು ಉಳಿಯಬೇಕು. ಅಪರೂಪಕ್ಕೆ ಎರಡೂ ಉಳಿದುಬಿಡುತ್ತವೆ. ಆಗ ಅವೆರಡೂ ಸೇರಿ ಶ್ವಾಸನಾಳವನ್ನೂ ಅನ್ನನಾಳವನ್ನೂ ಉಂಗುರದ ಹಾಗೆ ಸುತ್ತಿ ಹಿಡಿಯುತ್ತವೆ. ಮಗು ಬೆಳೆಯುತ್ತದೆ, ಉಂಗುರ ಸಡಿಲವಾಗುವುದಿಲ್ಲ. ಹೊರಗಿನವರಿಗೆ ಅದು ವೀಸಿಂಗ್, ನೆಗಡಿ, ಕಫ. ಔಷಧಿಯ ಮೇಲೆ ಔಷಧಿ ಕೊಡುತ್ತಲೇ ಇರುತ್ತಾರೆ.

ನಾನು ಕಂಡ ಮೊದಲನೆಯ ಉಂಗುರ ತಿರುವೊಟ್ಟಿಯೂರಿನ ಮೀನುಗಾರರ ಮನೆಯ ಹೆಣ್ಣುಕೂಸಿನದು. ಹೆಸರು ಕಯಲ್. ತಾಯಿ ಅದನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಕ್ಷಯ ಇರಬಹುದೆಂದು ಯಾರೋ ತಿಂಗಳುಗಟ್ಟಲೆ ಮಾತ್ರೆ ಪುಡಿಮಾಡಿ ಕುಡಿಸಿದ್ದರು. ವೈದ್ಯಲಿಂಗಂ ಬಾಗಿ ಕೇಳಿದರು. ತಲೆ ಎತ್ತಿದಾಗ ಅವರ ಮುಖ ಬದಲಾಗಿತ್ತು.

"ಬೇರಿಯಂ," ಎಂದರು.

ಬೇರಿಯಂ ಎಂದರೆ ಸುಣ್ಣದ ತಿಳಿಯಂಥ ಬಿಳಿ ದ್ರವ. ಮಗು ಅದನ್ನು ನುಂಗುವಾಗ ಎಕ್ಸ್‌ರೇ ಪರದೆಯ ಮೇಲೆ ಅನ್ನನಾಳ ಕಪ್ಪು ಪಟ್ಟಿಯಾಗಿ ಇಳಿಯುತ್ತದೆ. ಪಕ್ಕದಲ್ಲಿ ಯಾವುದಾದರೂ ರಕ್ತನಾಳ ಒತ್ತುತ್ತಿದ್ದರೆ ಆ ಪಟ್ಟಿಯಲ್ಲಿ ಕಚ್ಚು ಬಿದ್ದ ಹಾಗೆ ಕಾಣುತ್ತದೆ. ಆ ಕಾಲಕ್ಕೆ ನಮ್ಮ ಹತ್ತಿರ ಇದ್ದದ್ದು ಅಷ್ಟೇ: ರಕ್ತನಾಳ ಕಾಣುವುದಿಲ್ಲ, ಅದು ಒತ್ತಿದ ಗುರುತು ಮಾತ್ರ ಕಾಣುತ್ತದೆ.

ಕತ್ತಲೆ ಕೋಣೆ. ಮೈಮೇಲೆ ಸೀಸದ ಏಪ್ರನ್. ನಾನು ಕಯಲ್‌ನ ತಲೆ ಹಿಡಿದುಕೊಂಡಿದ್ದೆ, ತಾಯಿ ಚಮಚದಲ್ಲಿ ಬೇರಿಯಂ ಹಾಕುತ್ತಿದ್ದಳು. ಮೊದಲ ಗುಟುಕು ಇಳಿಯಿತು. ಎರಡನೆಯದು ಇಳಿಯುವಾಗ ಕೂಸು ಕೆಮ್ಮಿತು. ಆಮೇಲೆ ಆ ತಗಡಿನ ಸದ್ದು ನಿಂತುಹೋಯಿತು. ಸದ್ದು ಬೇಡವೆಂದುಕೊಳ್ಳುತ್ತಿದ್ದ ನನಗೆ ಆ ನಿಶ್ಶಬ್ದ ಎಷ್ಟು ಭಯಂಕರ ಎಂಬುದು ಆ ಕ್ಷಣದಲ್ಲಿ ತಿಳಿಯಿತು. ನನ್ನ ಅಂಗೈಯಲ್ಲಿದ್ದ ತಲೆ ಭಾರವಾಯಿತು.

"ಲೈಟ್!" ವೈದ್ಯಲಿಂಗಂ ಕೂಗಿದರು. ದೀಪ ಹತ್ತುವಷ್ಟರಲ್ಲಿ ಅವರು ಮಗುವನ್ನು ನನ್ನ ಕೈಯಿಂದ ಎಳೆದುಕೊಂಡು ಮೊಣಕೈಯ ಮೇಲೆ ಬೋರಲು ಹಾಕಿಕೊಂಡಿದ್ದರು. ತುಟಿ ನೀಲಿಗಟ್ಟಿತ್ತು. ಟೆಕ್ನಿಷಿಯನ್ ಸೆಲ್ವಿ ಸಕ್ಷನ್ ನಳಿಗೆ ಕೊಟ್ಟಳು. ಬಿಳಿ ದ್ರವ ಹೊರಗೆ ಬಂತು, ಆಮ್ಲಜನಕದ ಮಾಸ್ಕ್ ಹಿಡಿದರು, ಬೆನ್ನು ತಟ್ಟಿದರು. ತಾಯಿ ಗೋಡೆಗೆ ಒರಗಿ ನಿಂತಿದ್ದಳು, ಚಮಚ ಇನ್ನೂ ಕೈಯಲ್ಲೇ ಇತ್ತು. ಕೊನೆಗೆ ಆ ಗೀರುವ ಸದ್ದು ಮತ್ತೆ ಬಂತು. ನಾವೆಲ್ಲ ಅದನ್ನು ಕೇಳಿ ಉಸಿರು ಬಿಟ್ಟೆವು.

ಸಿಕ್ಕಿದ್ದು ಒಂದೇ ಫಿಲಂ. ಅನ್ನನಾಳದ ಹಿಂಬದಿಯಲ್ಲಿ ಆಳವಾದ ಕಚ್ಚು, ಅದರ ಮುಂದೆ ಕಿರಿದಾದ ಶ್ವಾಸನಾಳ. "ಇದು ಸಾಕು. ಇನ್ನೊಂದಕ್ಕಾಗಿ ಮಗುವನ್ನು ಕೊಲ್ಲೋದು ಬೇಡ," ಎಂದರು ಮುಖ್ಯಸ್ಥರು.

ಆ ಮಗು ಬದುಕಲಿಲ್ಲ. ಉಂಗುರ ಕತ್ತರಿಸುವ ಶಸ್ತ್ರಚಿಕಿತ್ಸೆ ಬೇರೆ ಆಸ್ಪತ್ರೆಯಲ್ಲಿ ಆಗಬೇಕಿತ್ತು. ಸರದಿ ಬರುವವರೆಗೆ ಮನೆಯಲ್ಲಿರಲು ಕಳಿಸಿದ್ದರು. ಅಷ್ಟರಲ್ಲಿ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು, ಆ ಕಿರಿದಾದ ದಾರಿ ಮುಚ್ಚಿಹೋಯಿತು. ತಂದೆ ಬಂದು ಹೇಳಿಹೋದ. ಅವನು ಹೋದ ಮೇಲೆ ವೈದ್ಯಲಿಂಗಂ ನನ್ನ ಕಡೆ ತಿರುಗಿ, "ಇನ್ನು ಮೇಲೆ ಉಂಗುರ ಕಂಡರೆ ಫಿಲಂ ಒಣಗೋ ಮುಂಚೆ ನಾನು ಸರ್ಜನ್‌ಗೆ ಫೋನ್ ಮಾಡ್ತೀನಿ. ಮಗು ಮನೆಗೆ ಹೋಗಬಾರದು," ಎಂದರು. ಹಾಗೆಯೇ ಮಾಡಿದರು. ಆ ಆತುರ ಎಷ್ಟೋ ಮಕ್ಕಳನ್ನು ಉಳಿಸಿತು. ಒಂದು ಸಲ ಮಾತ್ರ ಆ ಆತುರವೇ ನಮ್ಮನ್ನು ಅಪಾಯದ ಅಂಚಿಗೆ ತಂದು ನಿಲ್ಲಿಸಿತು.

ಆ ಹೊತ್ತಿಗೆ ನಮ್ಮಲ್ಲಿ ಸಿ.ಟಿ. ಯಂತ್ರ ಬಂದಿತ್ತು. ಈಗಿನವರು ನೋಡಿದರೆ ನಗುವಂಥದ್ದು. ಒಂದು ಸುತ್ತಿಗೆ ಒಂದೇ ಚೂರು ಚಿತ್ರ, ಅದಕ್ಕೂ ನಿಧಾನ. ಮಗುವಿಗೆ ಮತ್ತು ಬರಿಸಿ, ರಕ್ತನಾಳ ಹೊಳೆಯಲೆಂದು ಔಷಧಿ ಚುಚ್ಚಿ, ಆ ಔಷಧಿ ಹರಿದುಹೋಗುವ ಮುಂಚೆ ಬೇಕಾದ ಜಾಗವನ್ನು ಮಾತ್ರ ಹಿಡಿಯಬೇಕಿತ್ತು. ಹಾಗಾಗಿ ಕುತ್ತಿಗೆಯ ಬುಡದಿಂದ ಹೃದಯದ ಮೇಲಿನವರೆಗೆ ಅಷ್ಟನ್ನೇ ತೆಗೆಯುತ್ತಿದ್ದೆವು. ಆದರೂ ನಮಗೆ ಅದು ಪವಾಡ. ಒತ್ತಿದ ಗುರುತು ನೋಡಿ ಊಹಿಸುತ್ತಿದ್ದವರಿಗೆ ಮೊದಲ ಸಲ ಉಂಗುರವೇ ಕಾಣುತ್ತಿತ್ತು.

ಸಂಗಮೇಶ ಬಂದದ್ದು ಆಗ. ತಂದೆ ಬಸವರಾಜ ಧಾರವಾಡದವರು, ಬ್ಯಾಂಕಿನ ಕೆಲಸ, ಆಗತಾನೆ ಚೆನ್ನೈಗೆ ವರ್ಗವಾಗಿತ್ತು. ಹೆರಿಗೆಯಾದ ಮೇಲೆ ಹೆಂಡತಿಗೆ ಮೈ ಸರಿಯಿರಲಿಲ್ಲವಾದ್ದರಿಂದ ಮಗುವನ್ನು ಹೊತ್ತು ತಿರುಗುತ್ತಿದ್ದದ್ದು ಅಜ್ಜಿ, ಬಸವರಾಜರ ತಾಯಿ. ತಮಿಳು ಒಂದಕ್ಷರ ಬಾರದ ಆಕೆ ಸಿಕ್ಕಸಿಕ್ಕವರ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದರು. ನಾನು ಕನ್ನಡದಲ್ಲಿ "ಎಷ್ಟು ದಿನದಿಂದ ಹೀಗೆ ಅಮ್ಮಾ?" ಎಂದು ಕೇಳಿದ್ದೇ ತಡ, ನನ್ನ ಕೈ ಹಿಡಿದುಕೊಂಡರು.

"ಅಯ್ಯ ಬಾಯಾರ, ನಮ್ಮ ಮಾತು ಆಡ್ತೀರಿ! ಕೇಳ್ರಿ ಇಲ್ಲಿ. ಹುಟ್ಟಿದಾಗಿಂದ ಹಿಂಗ ಐತ್ರಿ. ಹಾಲು ಕುಡಿಯೂ ಮುಂದ ಕುತ್ತಿಗಿ ಹಿಂದಕ್ಕ ಚೆಲ್ಲತೈತಿ. ಮುಂದಕ ಬಗ್ಗಿಸಿದ್ರ ಉಸರ ಕಟ್ಟತೈತಿ. ಎಲ್ಲಾರೂ ವೀಸಿಂಗ್ ಅಂತಾರ. ವೀಸಿಂಗ್ ಇದ್ದ ಮಕ್ಕಳು ಹಿಂಗ ಕುತ್ತಿಗಿ ಚೆಲ್ಲತಾವೇನ್ರಿ?"

ಬೇರಿಯಂ ಪರೀಕ್ಷೆಯನ್ನು ನಾನೇ ಮಾಡಿದೆ, ತೆಳುವಾಗಿ ಕಲಸಿ, ಹನಿಹನಿಯಾಗಿ. ಪರದೆಯ ಮೇಲೆ ಕಪ್ಪು ಪಟ್ಟಿ ಇಳಿಯಿತು. ಬಲಗಡೆ ಆಳವಾದ ಕಚ್ಚು, ಎಡಗಡೆ ಸಣ್ಣದು, ಹಿಂದೆ ಇನ್ನೊಂದು. ಎರಡು ಕಮಾನಿನ ಉಂಗುರ, ಬಲಗಡೆಯದು ದೊಡ್ಡದು. ಹೆಚ್ಚಿನ ಮಕ್ಕಳಲ್ಲಿ ಇರುವುದೂ ಹಾಗೆಯೇ. ಸರ್ಜನ್ ಎಡಗಡೆಯಿಂದ ಎದೆ ತೆರೆದು ಸಣ್ಣ ಕಮಾನನ್ನು ಕತ್ತರಿಸಿದರೆ ಉಂಗುರ ಬಿಚ್ಚಿಕೊಳ್ಳುತ್ತದೆ. ದೊಡ್ಡದನ್ನು ಮುಟ್ಟುವಂತಿಲ್ಲ. ಮೈಗೆಲ್ಲ ರಕ್ತ ಹೋಗುವುದು ಅದರಲ್ಲೇ.

ಸಿ.ಟಿ.ಯಲ್ಲಿ ಖಚಿತ ಮಾಡಿಕೊಂಡು ಕಳಿಸೋಣ ಎಂದರು ವೈದ್ಯಲಿಂಗಂ. ಸಿ.ಟಿ. ಮಾಡಿದ ದಿನ ಅಪ್ಪನ ಶ್ರಾದ್ಧ. ನಾನು ರಜೆ ಹಾಕಿದ್ದೆ. ಅಂದು ನಡೆದದ್ದನ್ನು ಆಮೇಲೆ ಕೇಳಿ ತಿಳಿದುಕೊಂಡೆ.

ಮಗುವಿನ ಉಸಿರು ತುಂಬ ಕೆಟ್ಟಿತ್ತು. ಅರಿವಳಿಕೆ ಡಾಕ್ಟರ್ ಲಲಿತಾ ಹೆದರಿದ್ದರು. ಯಾವಾಗಲೂ ನಾವು ತಲೆಯನ್ನು ಮುಂದು ಮಾಡಿ ಮಗುವನ್ನು ಯಂತ್ರದ ಬಳೆಯೊಳಗೆ ಕಳಿಸುತ್ತಿದ್ದೆವು. ಹಾಗೆ ಮಾಡಿದರೆ ಮುಖ ಯಂತ್ರದ ಆಚೆ ಬದಿಗೆ ಹೋಗುತ್ತದೆ, ಆಮ್ಲಜನಕದ ನಳಿಗೆ ಅಲ್ಲಿಯವರೆಗೆ ಮುಟ್ಟುವುದಿಲ್ಲ. "ಕಾಲು ಮುಂದೆ ಹಾಕಿ, ಮುಖ ನನ್ನ ಹತ್ತಿರ ಇರಲಿ," ಎಂದರು ಲಲಿತಾ. ಸರಿಯಾದ ಮಾತೇ. ಮಗುವನ್ನು ತಿರುಗಿಸಿ ಮಲಗಿಸಿದರು. ಆದರೆ ಯಂತ್ರಕ್ಕೆ ಅದನ್ನು ತಿಳಿಸಬೇಕು. ತಲೆ ಮುಂದೋ ಕಾಲು ಮುಂದೋ ಎಂದು ಒಂದು ಗುಂಡಿ ಒತ್ತಬೇಕು. ಮಗುವಿನ ಎದೆಯನ್ನೇ ನೋಡುತ್ತಿದ್ದ ಸೆಲ್ವಿ ಅದನ್ನು ಒತ್ತಲಿಲ್ಲ. ತಲೆ ಮುಂದಿದೆಯೆಂದೇ ನಂಬಿದ ಯಂತ್ರ ಎಡವನ್ನು ಬಲವೆಂದೂ ಬಲವನ್ನು ಎಡವೆಂದೂ ಬರೆಯಿತು. ಕನ್ನಡಿಯಲ್ಲಿ ನೋಡಿದ ಹಾಗೆ. ಹೃದಯದ ಪೂರ್ತಿ ಚಿತ್ರ ಇದ್ದಿದ್ದರೆ ಯಾರಿಗಾದರೂ ಕಾಣುತ್ತಿತ್ತು. ನಾವು ತೆಗೆದದ್ದು ಎದೆಯ ಮೇಲ್ಭಾಗ ಮಾತ್ರ.

ಚಿತ್ರ ನೋಡಿದ ವೈದ್ಯಲಿಂಗಂ ಎಡಗಡೆಯ ಕಮಾನು ದೊಡ್ಡದು ಎಂದು ಬರೆದು ಸಹಿ ಹಾಕಿದರು. ಸರ್ಜನ್ ಡಾ. ದೇವದಾಸ್‌ಗೆ ಫೋನ್ ಮಾಡಿ, ಅಪರೂಪದ ಬಗೆ, ಬಲಗಡೆಯಿಂದ ಹೋಗಬೇಕಾಗುತ್ತದೆ ಎಂದೂ ಹೇಳಿದರು. ಮಗುವನ್ನು ಅಂದೇ ಕೋಯಂಬೇಡಿನ ಆಚೆಗಿದ್ದ ಅವರ ಆಸ್ಪತ್ರೆಗೆ ಕಳಿಸಿದರು. ಮರುದಿನ ಬೆಳಗ್ಗೆಯೇ ಶಸ್ತ್ರಚಿಕಿತ್ಸೆ. ಜೊತೆಗೆ ಹೋದದ್ದು ಸಿ.ಟಿ. ಫಿಲಂ ಮಾತ್ರ. ಹೊಸ ಯಂತ್ರದ ಚಿತ್ರ ಇರುವಾಗ ಬೇರಿಯಂ ಫಿಲಂ ಯಾಕೆ ಎಂದು ಅದನ್ನು ಬೀರುವಿನಲ್ಲೇ ಬಿಟ್ಟಿದ್ದರು.

ಆ ಬೆಳಗ್ಗೆ ನಾನು ಕೆಲಸಕ್ಕೆ ಬಂದಾಗ ಲಲಿತಾ ಕಾರಿಡಾರಿನಲ್ಲಿ ಸಿಕ್ಕರು. "ನಿಮ್ಮ ಧಾರವಾಡದ ಹುಡುಗ ಅಪರೂಪದವನು ಕಣ್ರೀ. ಎಡಗಡೆ ಕಮಾನು ದೊಡ್ಡದಂತೆ. ಸರ್ ಖುಷಿಯಾಗಿದ್ದಾರೆ, ಜರ್ನಲ್‌ಗೆ ಬರೀಬೇಕು ಅಂತಿದ್ದರು."

"ಎಡಗಡೆಯಾ?" ಎಂದೆ. "ನಾನು ನೋಡಿದ್ದು ಬಲಗಡೆ."

"ಬೇರಿಯಂನಲ್ಲಿ ಅಷ್ಟು ಸರಿಯಾಗಿ ಎಲ್ಲಿ ಗೊತ್ತಾಗುತ್ತೆ, ಬಿಡಿ," ಎಂದು ಅವರು ಹೊರಟರು.

ಇರಬಹುದು ಎಂದುಕೊಂಡು ನಾನೂ ಎರಡು ಹೆಜ್ಜೆ ಮುಂದೆ ಹೋದೆ. ಆದರೆ ಆ ಕಚ್ಚು ನನ್ನ ಕಣ್ಣಿನಲ್ಲಿತ್ತು. ಬೀರು ತೆಗೆದು ಬೇರಿಯಂ ಫಿಲಂ ಹುಡುಕಿ ಬೆಳಕಿಗೆ ಹಿಡಿದೆ. ಬಲಗಡೆಯ ಮೂಲೆಯಲ್ಲಿ ಬಲವನ್ನು ಗುರುತಿಸುವ ಸೀಸದ 'ಆರ್' ಅಕ್ಷರ. ಮಗುವಿನ ಬಲಭುಜದ ಪಕ್ಕ ನಾನೇ ಇಟ್ಟದ್ದು. ಆಳವಾದ ಕಚ್ಚು ಅದೇ ಕಡೆಗೆ. ಸಿ.ಟಿ. ಕೋಣೆಗೆ ಹೋಗಿ ಸೆಲ್ವಿಗೆ ನಿನ್ನೆಯ ಚಿತ್ರ ತೆರೆಯಲು ಹೇಳಿದೆ. ಅಲ್ಲಿ ದೊಡ್ಡ ಕಮಾನು ಎಡಗಡೆ. ಎರಡರಲ್ಲಿ ಒಂದು ಸುಳ್ಳು. ಸೀಸದ ಅಕ್ಷರ ತಾನಾಗಿ ಜಾಗ ಬದಲಾಯಿಸುವುದಿಲ್ಲ.

ಫಿಲಂ ಹಿಡಿದು ಮುಖ್ಯಸ್ಥರ ಕೋಣೆಗೆ ಓಡಿದೆ. ಅವರು ಕಾಫಿ ಕುಡಿಯುತ್ತಿದ್ದರು. ನಾನು ಹೇಳಿದ್ದನ್ನು ಪೂರ್ತಿ ಕೇಳದೆ ಎದ್ದು ಸಿ.ಟಿ. ಕೋಣೆಗೆ ಬಂದರು. ಪರದೆಯನ್ನೊಮ್ಮೆ ಫಿಲಂ ಅನ್ನೊಮ್ಮೆ ನೋಡಿದರು. ಆಮೇಲೆ ತುಂಬ ಮೆತ್ತಗೆ, "ಸೆಲ್ವಿ, ಕೊಳಂದೆಯೆ ಎಪ್ಪಡಿ ಪಡುಕ್ಕ ವೆಚ್ಚೆ?" ಎಂದು ಕೇಳಿದರು. ಮಗುವನ್ನು ಹೇಗೆ ಮಲಗಿಸಿದೆ?

"ಕಾಲು ಮುನ್ನಾಡಿ, ಸರ್. ಲಲಿತಾ ಮೇಡಂ ದಾನ್..." ಕಾಲು ಮುಂದೆ, ಲಲಿತಾ ಮೇಡಂ ಅವರೇ ಹೇಳಿದ್ದು ಎನ್ನಹೊರಟವಳು ಅಲ್ಲಿಗೇ ನಿಂತಳು. ಅವಳ ಕೈ ಬಾಯಿಗೆ ಹೋಯಿತು.

ವೈದ್ಯಲಿಂಗಂ ಫೋನ್ ಎತ್ತಿಕೊಂಡರು. ಎಂಗೇಜ್. ಮತ್ತೆ ತಿರುಗಿಸಿದರು. ಎಂಗೇಜ್. ಆಪರೇಷನ್ ಥಿಯೇಟರಿಗೆ ನೇರ ನಂಬರು ನಮಗೆ ಗೊತ್ತಿರಲಿಲ್ಲ. ರಿಸೀವರ್ ಕಿವಿಯಲ್ಲಿಟ್ಟುಕೊಂಡೇ ನನ್ನ ಕಡೆ ನೋಡಿದರು. "ನೀನು ಆಂಬುಲೆನ್ಸ್‌ನಲ್ಲಿ ಹೋಗು. ಬೇರಿಯಂ ಫಿಲಂ ತಗೊಂಡು ಹೋಗು. ನಾನು ಇಲ್ಲಿ ಮಾಡ್ತಾನೇ ಇರ್ತೀನಿ. ಹೋಗು!"

ಆ ದಾರಿಯನ್ನು ನಾನು ಎಂದೂ ಮರೆಯುವುದಿಲ್ಲ. ಸೈರನ್ ಹಾಕಿದರೂ ಕೋಯಂಬೇಡಿನ ಮಾರುಕಟ್ಟೆಯ ಹತ್ತಿರ ತರಕಾರಿ ಲಾರಿಗಳು ಅಡ್ಡ ನಿಂತಿದ್ದವು. ಒಂದು ಲಾರಿಯಿಂದ ಎಲೆಕೋಸಿನ ಮೂಟೆ ಜಾರಿ ರಸ್ತೆಯ ತುಂಬ ಹರಡಿತ್ತು, ಜನ ಬಗ್ಗಿ ಆಯುತ್ತಿದ್ದರು. ಡ್ರೈವರ್ ತಲೆ ಹೊರಗೆ ಹಾಕಿ ಬಾಯಿಗೆ ಬಂದ ಹಾಗೆ ಬೈದ. ನಾನು ಫಿಲಂ ಕವರನ್ನು ಎದೆಗೆ ಒತ್ತಿ ಹಿಡಿದಿದ್ದೆ. ಕಣ್ಣ ಮುಂದೆ ಇದ್ದದ್ದು ಒಂದೇ: ಬಲಗಡೆ ಎದೆ ತೆರೆದಿದ್ದಾರೆ, ಕಮಾನು ಕೈಗೆ ಸಿಕ್ಕಿದೆ, ಇದು ಸಣ್ಣದು ಎಂದು ವರದಿ ಹೇಳಿದೆ.

ಆ ಆಸ್ಪತ್ರೆಯ ಮೆಟ್ಟಿಲು ಹತ್ತಿ ಥಿಯೇಟರಿನ ಬಾಗಿಲು ತಳ್ಳಿದೆ. ಹೊರಕೋಣೆಯಲ್ಲಿ ದೇವದಾಸ್ ಕೈ ತೊಳೆದು, ಗೌನು ತೊಟ್ಟು, ಎರಡೂ ಕೈ ಮೇಲೆತ್ತಿ ನಿಂತಿದ್ದರು. ಒಬ್ಬ ಸಿಸ್ಟರ್ ಅವರ ಕಿವಿಗೆ ಫೋನ್ ಹಿಡಿದಿದ್ದಳು. ಅತ್ತ ಕಡೆಯಿಂದ ವೈದ್ಯಲಿಂಗಂ ಅವರ ದೊಡ್ಡ ಧ್ವನಿ ನನಗೂ ಕೇಳುತ್ತಿತ್ತು: "ರಿಪೋರ್ಟ್ ತಪ್ಪು. ಸಹಿ ನನ್ನದು. ತಪ್ಪು ನನ್ನದು. ಬಲಗಡೆ ಮುಟ್ಟಬೇಡಿ!"

ಗಾಜಿನಾಚೆ ಮೇಜಿನ ಮೇಲೆ ಸಂಗಮೇಶ ಎಡಕ್ಕೆ ಮಗ್ಗುಲಾಗಿ ಮಲಗಿದ್ದ, ಬಲಪಕ್ಕೆ ಮೇಲಕ್ಕಿತ್ತು. ಅದಕ್ಕೆ ಕಂದು ಬಣ್ಣದ ಔಷಧಿ ಬಳಿದಾಗಿತ್ತು.

ನಾನು ಫಿಲಂ ತೆಗೆದು ಬೆಳಕಿಗೆ ಹಿಡಿದೆ. ದೇವದಾಸ್ ಹತ್ತಿರ ಬಂದು ಮುಟ್ಟದೆ ನೋಡಿದರು. ಸೀಸದ ಅಕ್ಷರ ನೋಡಿದರು, ಕಚ್ಚು ನೋಡಿದರು. "ಈ ಅಕ್ಷರ ಇಟ್ಟವರು ಯಾರು?"

"ನಾನು."

"ಖಚಿತವಾಗಿ?"

"ಮಗುವಿನ ಬಲಭುಜ ನನ್ನ ಕೈಯಲ್ಲೇ ಇತ್ತು."

ಅವರು ಒಳಗೆ ಹೋಗಿ, "ಮಗುವನ್ನು ತಿರುಗಿಸಿ," ಎಂದರು.

ಎಡಗಡೆ ತೆರೆದರು. ಸಣ್ಣ ಕಮಾನು ಅಲ್ಲಿಯೇ ಇತ್ತು. ಅದನ್ನು ಕಟ್ಟಿ ಕತ್ತರಿಸಿದಾಗ ಶ್ವಾಸನಾಳ ಹಗ್ಗ ಬಿಚ್ಚಿದ ಹಾಗೆ ಮುಂದಕ್ಕೆ ಬಂತು ಎಂದು ದೇವದಾಸ್ ಆಮೇಲೆ ಹೇಳಿದರು. ನಾನು ಹೊರಗೆ ನೆಲದ ಮೇಲೆ ಕೂತುಬಿಟ್ಟಿದ್ದೆ.

ಮಧ್ಯಾಹ್ನ ವೈದ್ಯಲಿಂಗಂ ತಾವೇ ಬಂದರು. ಬಸವರಾಜರನ್ನೂ ಅಜ್ಜಿಯನ್ನೂ ಕೂರಿಸಿ, ನಡೆದದ್ದನ್ನು ಒಂದೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದರು. ಬಸವರಾಜರ ಮುಖ ಕೆಂಪಾಯಿತು. ಇಂಗ್ಲಿಷಿನಲ್ಲಿ ಉತ್ತರಿಸಲು ಹೋಗಿ, ಆಗದೆ, ನನ್ನ ಕಡೆ ತಿರುಗಿದರು.

"ಮೇಡಂ, ನೀವ ಹೇಳ್ರಿ. ಇನ್ನ ಸ್ವಲ್ಪ ತಡಾ ಆಗಿದ್ರ ಏನ್ ಮಾಡ್ತಿದ್ರು? ನಮ್ಮ ಹುಡುಗನ ಎದಿ ತಪ್ಪ ಕಡೆ ಸೀಳತಿದ್ರೇನ್?"

"ಸೀಳ್ತಿದ್ದರು," ಎಂದೆ. "ದೇವದಾಸ್ ಅಲ್ಲಿ ನೋಡಿ ತಿಳಿದು ನಿಲ್ಲಿಸ್ತಿದ್ದರು ಅಂತ ನನಗೆ ನಂಬಿಕೆ. ಆದರೆ ಮಗುಗೆ ಎರಡು ಕಡೆ ಗಾಯ ಆಗ್ತಿತ್ತು. ಅದನ್ನು ತಡ್ಕೊಳ್ತಿತ್ತೋ ಇಲ್ವೋ ನನಗೆ ಗೊತ್ತಿಲ್ಲ."

ಬಸವರಾಜ ಎದ್ದು ನಿಂತರು. ಹೊಡೆದೇಬಿಡುತ್ತಾರೇನೋ ಎನಿಸಿತು. ವೈದ್ಯಲಿಂಗಂ ಕೂತಲ್ಲಿಂದ ಅಲುಗಲಿಲ್ಲ. ಅಷ್ಟರಲ್ಲಿ ಅಜ್ಜಿ ಮಗನ ಅಂಗಿ ಹಿಡಿದು ಎಳೆದರು.

"ಕುಂದ್ರೋ ಬಸ್ಯಾ. ಬಾಯಾರ, ಇವರನ್ನ ಒಂದು ಮಾತು ಕೇಳ್ರಿ. ಇವರು ಹೇಳದಿದ್ರ ನಮಗೇನ್ ತಿಳೀತಿತ್ತು? ಯಾಕ ಹೇಳಾಕ ಬಂದ್ರು?"

ನಾನು ತಮಿಳಿನಲ್ಲಿ ಕೇಳಿದೆ. ಅವರು ನೆಲ ನೋಡುತ್ತ, "ಅವುಂಗ ಕೊಳಂದೆ ಇಲ್ಲಿಯಾ," ಎಂದರು. ಅವರ ಮಗುವಲ್ಲವೇ ಅದು. ನಾನು ಅಜ್ಜಿಗೆ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಬಸವರಾಜ ಆ ದಿನ ಮತ್ತೆ ನಮ್ಮ ಜೊತೆ ಮಾತಾಡಲಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಸೆಲ್ವಿ ಅಳುತ್ತ ಕಾದಿದ್ದಳು. ಕೆಲಸ ಬಿಡುತ್ತೇನೆ ಎಂದಳು. ಕಾಫಿ ಆರಿದ್ದಕ್ಕೆ ಕೂಗಾಡುವ ಮನುಷ್ಯ ಅವಳ ಮುಂದೆ ಕುರ್ಚಿ ಎಳೆದು ಕೂತು ತಮಿಳಿನಲ್ಲಿ ಹೇಳಿದ್ದು ಇಷ್ಟು: "ನೀನು ಹೋದರೆ ಹೊಸಬಳು ಬರುತ್ತಾಳೆ. ಅವಳು ಇದೇ ತಪ್ಪು ಮಾಡುತ್ತಾಳೆ. ನೀನು ಇನ್ನು ಮಾಡುವುದಿಲ್ಲ. ಮುಖ ತೊಳೆದುಕೊಂಡು ಬಾ, ಇದು ಮತ್ತೆ ಆಗದ ಹಾಗೆ ಏನು ಮಾಡಬೇಕು ಹೇಳು." ಆ ಸಂಜೆ ಮೂವರೂ ಕೂತು ಯೋಚಿಸಿದೆವು. ಸಣ್ಣ ಪ್ಲಾಸ್ಟಿಕ್ ನಳಿಗೆಯ ಚೂರಿಗೆ ರಕ್ತನಾಳ ಹೊಳೆಯಲೆಂದು ಚುಚ್ಚುವ ಅದೇ ಔಷಧಿ ತುಂಬಿ, ಎರಡೂ ತುದಿ ಮುಚ್ಚಿ, ಪ್ರತಿ ಮಗುವಿನ ಬಲಪಕ್ಕೆಗೆ ಅಂಟಿಸುವುದೆಂದು ತೀರ್ಮಾನವಾಯಿತು. ಚಿತ್ರದಲ್ಲಿ ಅದು ಬಿಳಿ ಚುಕ್ಕೆಯಾಗಿ ಹೊಳೆಯುತ್ತದೆ. ಯಂತ್ರ ಏನೇ ಬರೆಯಲಿ, ಚುಕ್ಕೆ ಇರುವುದು ಬಲಗಡೆ. ಬೇರಿಯಂ ಫಿಲಂ ಇಲ್ಲದೆ ಯಾವ ಮಗುವೂ ಸರ್ಜನ್ ಹತ್ತಿರ ಹೋಗಬಾರದು ಎಂದೂ ಆಯಿತು.

ಸಂಗಮೇಶನ ಸದ್ದು ಶಸ್ತ್ರಚಿಕಿತ್ಸೆಯ ಮರುದಿನವೇ ನಿಲ್ಲಲಿಲ್ಲ. ಉಂಗುರ ಹೋದರೂ ಅದು ಹಿಡಿದಿದ್ದ ಜಾಗದಲ್ಲಿ ಶ್ವಾಸನಾಳ ಮೆತ್ತಗಾಗಿರುತ್ತದೆ, ಗಟ್ಟಿಯಾಗಲು ತಿಂಗಳುಗಳು ಬೇಕು. ಬಸವರಾಜ ಅದನ್ನು ನಂಬಲಿಲ್ಲ. ಪ್ರತಿ ಸಲ ಬಂದಾಗಲೂ ಇನ್ನೂ ಏನನ್ನೋ ಮುಚ್ಚಿಡುತ್ತಿದ್ದೀರಿ ಎಂಬಂತೆ ನೋಡುತ್ತಿದ್ದರು. ಅವರಿಗೆ ಊರಿನ ಕಡೆಗೆ ವರ್ಗವಾದಾಗ ಹೇಳಿಹೋಗಲು ಬಂದರು. ಹುಡುಗ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ಓಡಿ ನನ್ನ ಕಾಲಿಗೆ ಡಿಕ್ಕಿ ಹೊಡೆದ. ವೈದ್ಯಲಿಂಗಂ ಬಾಗಿ ಅವನ ಬಾಯಿಯ ಹತ್ತಿರ ಕಿವಿ ಇಟ್ಟರು. "ಒಣ್ಣುಮೇ ಕೇಕ್ಕಲೆ," ಎಂದು ನಕ್ಕರು. ಏನೂ ಕೇಳಿಸುತ್ತಿಲ್ಲ. ಬಸವರಾಜ ಮುಂದೆ ಬಂದು ಅವರ ಕೈ ಹಿಡಿದುಕೊಂಡರು.

ವೈದ್ಯಲಿಂಗಂ ನಿವೃತ್ತರಾದ ಮೇಲೆ ದೊಡ್ಡ ಯಂತ್ರ ಬಂತು. ಒಂದೇ ಸುತ್ತಿಗೆ ಹತ್ತಾರು ಚೂರು. ಇಡೀ ಎದೆ ಒಂದು ಉಸಿರಿನಷ್ಟು ಹೊತ್ತಿನಲ್ಲಿ. ಆಮೇಲೆ ಕಂಪ್ಯೂಟರಿನಲ್ಲಿ ರಕ್ತನಾಳಗಳನ್ನು ಕೆಂಪು ನೀಲಿ ಬಣ್ಣದಲ್ಲಿ, ಕೈಯಲ್ಲಿ ಹಿಡಿದು ತಿರುಗಿಸಿದ ಹಾಗೆ ನೋಡಬಹುದು. ಹೊಸ ಮುಖ್ಯಸ್ಥರಿಗೆ ಆ ಚಿತ್ರಗಳ ಮೇಲೆ ಮೋಹ. ಯಂತ್ರ ಬಂದದ್ದು ದೊಡ್ಡವರ ಅಳತೆಯ ಕಿರಣಕ್ಕೆ ಹೊಂದಿಸಿಕೊಂಡು. ಅದನ್ನೇ ಕೂಸಿನ ಮೈಗೆ ಬಿಟ್ಟರೆ ಚಿತ್ರ ಹೊಳೆಯುತ್ತದೆ, ಆದರೆ ಆ ಕಿರಣ ಮಗುವಿನ ಮೈಯಲ್ಲಿ ಮುಂದೆ ಏನು ಮಾಡೀತು ಎಂಬ ಭಯ ನನಗೆ. ನಾನೂ ಸೆಲ್ವಿಯೂ ಅದನ್ನು ಇಳಿಸಿದೆವು. ಚಿತ್ರದಲ್ಲಿ ರವೆ ಚೆಲ್ಲಿದ ಹಾಗೆ ಚುಕ್ಕೆಗಳು ಬಂದವು.

"ಇದೇನಿದು? ಇಷ್ಟು ದೊಡ್ಡ ಯಂತ್ರದಲ್ಲಿ ಇಂಥ ಚಿತ್ರವಾ?" ಎಂದು ಅವರು ಎಲ್ಲರೆದುರು ಫಿಲಂ ಮೇಜಿನ ಮೇಲೆ ಎಸೆದರು.

"ಮಗುವಿಗೆ ಸಾಕು ಸರ್," ಎಂದೆ.

"ನನಗೆ ಸಾಲದು."

ಮತ್ತೆ ಏರಿಸಿದರು. ಅವರು ಇಲ್ಲದಾಗ ನಾನು ಇಳಿಸಿದೆ. ಇದು ಬಹಳ ಕಾಲ ನಡೆಯಿತು. ನನ್ನನ್ನು ಸಿ.ಟಿ.ಯಿಂದ ತೆಗೆದು ಬೇರೆ ಕಡೆ ಹಾಕುವ ಮಾತೂ ಬಂತು. ಕೊನೆಗೆ ಒಂದು ಸಭೆಯಲ್ಲಿ ದೇವದಾಸ್ ಆ ಚುಕ್ಕೆ ತುಂಬಿದ ಚಿತ್ರ ಎತ್ತಿಕೊಂಡು, "ಇದು ನನಗೆ ಸಾಕು. ರಕ್ತನಾಳ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾದರೆ ಆಯಿತು. ನಾನು ಕ್ಯಾಲೆಂಡರ್ ಮಾಡಿಸೋಕೆ ಹೋಗ್ತಿಲ್ಲ," ಎಂದರು. ಅಲ್ಲಿಗೆ ಜಗಳ ಮುಗಿಯಿತು. ಹೊಸ ಮುಖ್ಯಸ್ಥರು ನನ್ನ ಜೊತೆ ನಗುತ್ತ ಮಾತಾಡುವುದೂ ಅಲ್ಲಿಗೇ ಮುಗಿಯಿತು.

ಕೊನೆಯ ವರ್ಷಗಳಲ್ಲಿ ಬಂದ ಒಂದು ಕೂಸಿನ ಮಾತು ಹೇಳಿ ನಿಲ್ಲಿಸುತ್ತೇನೆ. ಹುಟ್ಟಿ ಕೆಲವೇ ವಾರಗಳಾಗಿದ್ದ ಹೆಣ್ಣುಮಗು. ಅದು ಬದುಕಿತು ಎಂದು ಮೊದಲೇ ಹೇಳಿಬಿಡುತ್ತೇನೆ. ಕಷ್ಟದ ಶಸ್ತ್ರಚಿಕಿತ್ಸೆ, ಆಮೇಲೆ ಬಹಳ ದಿನ ವೆಂಟಿಲೇಟರು, ಆದರೆ ಮನೆಗೆ ಹೋಯಿತು. ನಾನು ಹೇಳಬೇಕೆಂದಿರುವುದು ಅದಕ್ಕೆ ಮುಂಚಿನ ಸ್ವಲ್ಪ ಹೊತ್ತಿನ ಮಾತು.

ಹೊಸ ಯಂತ್ರ ಬಂದ ಮೇಲೆ ಇಂಥ ಕೂಸುಗಳಿಗೆ ಮತ್ತು ಬರಿಸುವುದನ್ನು ಆದಷ್ಟು ಬಿಟ್ಟಿದ್ದೆವು. ಹಸಿವಾಗುವವರೆಗೆ ಕಾದು, ತಾಯಿ ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದರೆ ತಾನಾಗಿ ನಿದ್ದೆ ಹೋಗುತ್ತದೆ. ಆ ನಿದ್ದೆ ಕೆಡದ ಹಾಗೆ ಮೇಜಿನ ಮೇಲೆ ಮಲಗಿಸಬೇಕು. ಈ ಮಗು ಕುಡಿಯುವಾಗಲೂ ಬಿಟ್ಟು ಬಿಟ್ಟು ಉಸಿರೆಳೆದುಕೊಳ್ಳುತ್ತಿತ್ತು. ಕುಡಿಸಿ ಮುಗಿಸುವಷ್ಟರಲ್ಲಿ ತಾಯಿಯ ರವಿಕೆ ಬೆವರಿನಲ್ಲಿ ಒದ್ದೆಯಾಗಿತ್ತು. ಮಗು ಮಲಗಿತು. ಲಲಿತಾ ಬಾಗಿಲ ಹತ್ತಿರ ಎಲ್ಲ ಸಿದ್ಧಮಾಡಿಕೊಂಡು ನಿಂತಿದ್ದರು. ಸೆಲ್ವಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆದಳು. ಔಷಧಿ ಹೋಗುವಾಗ ಮಗು ಎದ್ದರೆ, ಅತ್ತರೆ, ಉಸಿರು ಕಟ್ಟಿದರೆ ಎಂದು ನಾವು ಮೂವರೂ ಉಸಿರು ಬಿಗಿಹಿಡಿದಿದ್ದೆವು. ಮೇಜು ಒಳಗೆ ಸರಿಯಿತು, ಒಂದು ಗುಂಯ್ ಸದ್ದು, ಮೇಜು ಹೊರಗೆ ಬಂತು. ಮಗು ಕಣ್ಣು ಬಿಡಲಿಲ್ಲ.

ಪರದೆಯ ಮೇಲೆ ಚಿತ್ರ ಬಂತು. ಎಡ ಶ್ವಾಸಕೋಶಕ್ಕೆ ಹೋಗುವ ರಕ್ತನಾಳ ತನ್ನ ದಾರಿ ಬಿಟ್ಟು ಬಲಗಡೆಯಿಂದ ಹುಟ್ಟಿ, ಶ್ವಾಸನಾಳದ ಹಿಂದೆ ಬಳಸಿ, ಜೋಳಿಗೆಯ ಪಟ್ಟಿಯ ಹಾಗೆ ಅದನ್ನು ಎಳೆದು ಹಿಡಿದಿತ್ತು. ಶ್ವಾಸನಾಳ ಅಲ್ಲಿ ದಾರದಷ್ಟು. ಉಂಗುರಕ್ಕಿಂತ ಕೆಟ್ಟದ್ದು ಅದು. ಸೆಲ್ವಿ ನನ್ನ ಮುಖ ನೋಡಿದಳು. ನಾನು ದೇವದಾಸ್‌ಗೆ ಫೋನ್ ಮಾಡಿ, ಬಾಗಿಲು ತೆಗೆದು ಹೊರಗೆ ಹೋದೆ.

ತಾಯಿ ಬೆಂಚಿನಿಂದ ಎದ್ದಳು. ಚಿಕ್ಕ ವಯಸ್ಸಿನವಳು, ತಲೆಯಲ್ಲಿ ಬಾಡಿದ ಮಲ್ಲಿಗೆ. ಇಷ್ಟು ಬೇಗ ಮುಗಿದದ್ದು ನೋಡಿ ಅವಳ ಮುಖ ಅರಳಿತ್ತು. "ಅವ್ವಳವು ದಾನಾ ಮೇಡಂ? ಮುಡಿಂಜಿಡುಚ್ಚಾ?" ಎಂದಳು. ಇಷ್ಟೇನಾ, ಮುಗಿದುಹೋಯಿತಾ?

ಈ ಕೆಲಸಕ್ಕೆ ಬರುವವರಿಗೆ ಯಂತ್ರ ನಡೆಸುವುದನ್ನು ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಆ ಬಾಗಿಲ ಹೊರಗೆ ನಿಂತು ಹೇಳುವುದನ್ನು ಯಾರೂ ಕಲಿಸುವುದಿಲ್ಲ, ನನಗೂ ಕಲಿಸಲು ಬರುವುದಿಲ್ಲ. ನಾನು ಮಾಡಿದ್ದನ್ನು ಮಾತ್ರ ಹೇಳಬಲ್ಲೆ. ಅವಳನ್ನು ಕೂರಿಸಿ ಪಕ್ಕದಲ್ಲಿ ಬೆಂಚಿನ ಮೇಲೆ ಕೂತೆ. ನಗಲಿಲ್ಲ, ಸುಳ್ಳು ಹೇಳಲಿಲ್ಲ. ಮಗುವಿನ ಎದೆಯಲ್ಲಿ ಒಂದು ರಕ್ತನಾಳ ತಪ್ಪು ದಾರಿಯಲ್ಲಿ ಹೋಗಿದೆ, ಅದು ಉಸಿರನ್ನು ಹಿಡಿದಿದೆ, ಇವತ್ತೇ ಇನ್ನೊಂದು ಆಸ್ಪತ್ರೆಗೆ ಹೋಗಬೇಕು, ದೊಡ್ಡ ಆಪರೇಷನ್ ಆಗಬೇಕು ಎಂದು ಅವಳಿಗೆ ಗೊತ್ತಾಗುವ ತಮಿಳಿನಲ್ಲಿ ಹೇಳಿದೆ. ಅವಳು ಕೇಳಿಸಿಕೊಂಡಳು. ಅಳಲಿಲ್ಲ. ನಾನು ಹೇಳಿ ಮುಗಿಸಿದ ಮೇಲೂ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಒಳ್ಳೆಯ ಮಾತೊಂದು ಇನ್ನೂ ಬರಬೇಕಿದೆ ಎಂದು ಕಾಯುವವಳ ಹಾಗೆ.

ಒಳಗಿನಿಂದ ಸೆಲ್ವಿ ಮಗುವನ್ನು ಎತ್ತಿಕೊಂಡು ಬಂದಳು. ಬಟ್ಟೆಯ ಸುತ್ತು ಹಾಗೆಯೇ ಇತ್ತು, ನಿದ್ದೆಯೂ ಹಾಗೆಯೇ ಇತ್ತು. ತಾಯಿ ಎರಡು ಕೈ ಚಾಚಿದವಳು ತಟ್ಟನೆ ನಿಂತು ನನ್ನ ಕಡೆ ತಿರುಗಿದಳು. ಅದು ಒಡೆದುಹೋಗುವ ವಸ್ತುವೇನೋ ಎಂಬಂತೆ, ತನ್ನದೇ ಮಗುವಿಗೆ ಅನುಮತಿ ಕೇಳುವವಳಂತೆ, "ನಾನ್ ತೂಕ್ಕಲಾಮಾ ಮೇಡಂ?" ಎಂದಳು.

ಎತ್ತಿಕೊಳ್ಳಮ್ಮಾ ಎಂದೆ. ತಲೆ ಸ್ವಲ್ಪ ಹಿಂದಕ್ಕೆ ಬಾಗಿರಲಿ, ಹಾಗೆ ಹಿಡಿದರೆ ಉಸಿರಾಡಲು ಸುಲಭ ಎಂದು ಅವಳ ಮೊಣಕೈಯ ಕೆಳಗೆ ನನ್ನ ಕೈ ಕೊಟ್ಟು ತೋರಿಸಿದೆ. ಆಂಬುಲೆನ್ಸ್ ಬರುವವರೆಗೆ ನಾವಿಬ್ಬರೂ ಹಾಗೆಯೇ ಕೂತಿದ್ದೆವು.